ಇಳಿಯುವಾಗ ಮಾತ್ರ ತಡವರಿಸುತ್ತಿದ್ದ ವಿಮಾನ: ಫ್ರೇಮ್ ರೇಟ್ ಹದಕ್ಕೆ ತಂದ ಒಂದು ಪ್ರಕರಣ

ಇದು ಕಂಪ್ಯೂಟರ್ ಸಿಮ್ಯುಲೇಟರ್ ಮೇಲೆ ವಿಮಾನ ಹಾರಿಸುವ ಒಬ್ಬ ಹವ್ಯಾಸಿ ಹಾರಾಟಗಾರರ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ತೆಗೆದಿದ್ದೇನೆ. ಅವರ ಕಂಪ್ಯೂಟರ್ ಕೆಟ್ಟದ್ದಲ್ಲ, ಅವರಿಗೆ ತಾಳ್ಮೆಗೂ ಕೊರತೆ ಇರಲಿಲ್ಲ. ಆದರೂ ತಿಂಗಳುಗಟ್ಟಲೆ ಸೆಟ್ಟಿಂಗ್ಸ್ ಜೊತೆ ಗುದ್ದಾಡಿ, ಕೊನೆಗೆ ಚಿತ್ರವೂ ಮಸುಕು, ಹಾರಾಟವೂ ತಡವರಿಕೆ ಅನ್ನುವ ಸ್ಥಿತಿಗೆ ಬಂದಿದ್ದರು. ಅಲ್ಲಿಂದ ಹೊರಬಂದ ದಾರಿ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಹಿನ್ನೆಲೆ

ಅವರು ಹಾರಿಸುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿ. ವಿಮಾನ ಹೆಚ್ಚಾಗಿ ಏರ್‌ಬಸ್ ಎ320 ಮಾದರಿ. ಒಂದು ದೊಡ್ಡ ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ, ಸರಿಯಾದ ಚೆಕ್‌ಲಿಸ್ಟ್, ಸರಿಯಾದ ಅಪ್ರೋಚ್ (ರನ್‌ವೇ ಕಡೆಗೆ ಇಳಿಯುತ್ತಾ ಬರುವ ಹಂತ), ಕೈಯಿಂದಲೇ ಲ್ಯಾಂಡಿಂಗ್. ಅವರಿಗೆ ಖುಷಿ ಕೊಡುವುದು ಕೊನೆಯ ಆ ಐದು ನಿಮಿಷ.

ಕಂಪ್ಯೂಟರ್‌ನಲ್ಲಿ ಆರು ಕೋರ್‌ಗಳ ಪ್ರೊಸೆಸರ್, 32 ಜಿಬಿ ರ‍್ಯಾಮ್, 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್. ಮಾನಿಟರ್ 2560×1440, 60 ಹರ್ಟ್ಸ್. ಚಿತ್ರ ಬರುವ ವೇಗಕ್ಕೆ ತಕ್ಕ ಹಾಗೆ ಪರದೆಯ ವೇಗ ಬದಲಿಸುವ ಜಿ-ಸಿಂಕ್ ಅದರಲ್ಲಿ ಇಲ್ಲ, ಫ್ರೀಸಿಂಕ್ ಇಲ್ಲ. ಅಂದರೆ ಏನೇ ಆಗಲಿ, ಸೆಕೆಂಡಿಗೆ 60 ಸಲ ಪರದೆ ಬದಲಾಗುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈ ಒಂದು ವಿವರ ನೆನಪಿನಲ್ಲಿರಲಿ. ಮುಂದೆ ದೊಡ್ಡ ತೀರ್ಮಾನವೊಂದು ಇದರ ಮೇಲೆಯೇ ನಿಂತಿತು. ವಿಆರ್ ಹೆಡ್‌ಸೆಟ್ ಅವರು ಬಳಸುವುದಿಲ್ಲ. ಬಳಸಿದ್ದರೆ ಈ ಲೆಕ್ಕಗಳೆಲ್ಲ ಬೇರೆಯೇ ಆಗುತ್ತಿದ್ದವು.

ತೊಂದರೆ

ಮೇಲೆ, ಮೋಡದ ಮಟ್ಟದಲ್ಲಿ ಹೋಗುವಾಗ ಎಲ್ಲ ಚೆನ್ನಾಗಿಯೇ ಇತ್ತು. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರುತ್ತಿವೆ ಅಂತ ಹೇಳುವ ಫ್ರೇಮ್ ರೇಟ್ (ಎಫ್‌ಪಿಎಸ್) ಕೌಂಟರ್ 55ರಿಂದ 60 ತೋರಿಸುತ್ತಿತ್ತು. ದೊಡ್ಡ ನಿಲ್ದಾಣದ ಹತ್ತಿರ ಇಳಿಯುತ್ತಾ ಬಂದರೆ ಅದು 45ಕ್ಕೆ, ಒಮ್ಮೊಮ್ಮೆ 28ಕ್ಕೆ ಕುಸಿಯುತ್ತಿತ್ತು. ಕುಸಿದದ್ದು ಅಷ್ಟು ದೊಡ್ಡ ಕಷ್ಟ ಅಲ್ಲ. ನಡುನಡುವೆ ಚಿತ್ರ ಗಕ್ಕನೆ ನಿಂತು ಮತ್ತೆ ಹಾರುತ್ತಿತ್ತಲ್ಲ, ಅದೇ ಜೀವ ಹಿಂಡುತ್ತಿತ್ತು.

ಆ ಕ್ಷಣವನ್ನು ಹತ್ತಿರದಿಂದ ನೋಡೋಣ. ಎ320 ಇಳಿಯುವಾಗ ವೇಗ ಸುಮಾರು 137 ನಾಟ್ ಇದ್ದರೆ, ಸೆಕೆಂಡಿಗೆ 70 ಮೀಟರ್ ಮುಂದೆ ಹೋಗುತ್ತಿದೆ ಅಂತ ಅರ್ಥ. ಕೆಳಗೆ ಇಳಿಯುವ ವೇಗ ನಿಮಿಷಕ್ಕೆ 700 ಅಡಿ, ಅಂದರೆ ಸೆಕೆಂಡಿಗೆ ಸುಮಾರು 12 ಅಡಿ. ಮೂಗು ಎತ್ತಿ ಇಳಿತವನ್ನು ಮೆತ್ತಗೆ ಮಾಡುವ ಫ್ಲೇರ್ ಶುರುವಾಗುವುದು ನೆಲದಿಂದ 30 ಅಡಿ ಆಸುಪಾಸಿನಲ್ಲಿ. ಅಲ್ಲಿಂದ ಕೈಯಲ್ಲಿ ಉಳಿದಿರುವುದು ಕೆಲವೇ ಸೆಕೆಂಡು. ಅಷ್ಟರೊಳಗೆ ಚಿತ್ರ 150 ಮಿಲಿಸೆಕೆಂಡ್ ನಿಂತರೆ ವಿಮಾನ ಕಣ್ಣಿಗೆ ಕಾಣದಂತೆ ಹತ್ತು ಮೀಟರ್ ಮುಂದೆ ಹೋಗಿ, ಸುಮಾರು ಎರಡು ಅಡಿ ಕೆಳಗೆ ಬಂದಿರುತ್ತದೆ. ಅವರ ಕಾಕ್‌ಪಿಟ್‌ನಲ್ಲಿ ‘ಫಿಫ್ಟಿ, ಫಾರ್ಟಿ’ ಅಂತ ನೆಲದಿಂದ ಎಷ್ಟು ಅಡಿ ಎತ್ತರ ಎಂದು ಸಮವಾಗಿ ಹೇಳಬೇಕಿದ್ದ ದನಿ ‘ಫಿಫ್ಟಿ’ ಆದ ಮೇಲೆ ಒಮ್ಮೆ ಎಡವಿ, ‘ಥರ್ಟಿ’ ಬರುವ ಹೊತ್ತಿಗೆ ಚಕ್ರ ರನ್‌ವೇಗೆ ಬಡಿಯುತ್ತಿತ್ತು. ಕೈ ತಪ್ಪು ಮಾಡುತ್ತಿರಲಿಲ್ಲ. ಕಣ್ಣಿಗೆ ಸುದ್ದಿ ತಡವಾಗಿ ಬರುತ್ತಿತ್ತು.

ಅವರೇ ಮಾಡಿ ನೋಡಿದ್ದು

ಯಾರಿಗಾದರೂ ಮೊದಲು ಹೊಳೆಯುವುದನ್ನೇ ಅವರೂ ಮಾಡಿದರು. ಫ್ರೇಮ್ ಸಾಲುತ್ತಿಲ್ಲ, ಹಾಗಾದರೆ ಗ್ರಾಫಿಕ್ಸ್ ಇಳಿಸೋಣ. ಮೋಡ ಅಲ್ಟ್ರಾದಿಂದ ಮೀಡಿಯಂಗೆ ಬಂತು. ನೆರಳು, ನೀರು, ಪ್ರತಿಫಲನ ಎಲ್ಲ ಇಳಿದವು. ಅನೈಸೋಟ್ರೋಪಿಕ್ ಫಿಲ್ಟರಿಂಗ್ ಕೂಡ ಇಳಿಯಿತು. ಚಿತ್ರ ತಯಾರಾಗುವ ಗಾತ್ರ, ಅಂದರೆ ರೆಂಡರ್ ಸ್ಕೇಲಿಂಗ್, 100ರಿಂದ 70ಕ್ಕೆ. ಅದೂ ಸಾಲದೆ ಡಿಎಲ್‌ಎಸ್‌ಎಸ್ ಪರ್ಫಾರ್ಮೆನ್ಸ್ ಮೋಡ್. ಆ ಮೋಡ್‌ನಲ್ಲಿ ಚಿತ್ರ ಉದ್ದ ಅಗಲ ಎರಡರಲ್ಲೂ ಅರ್ಧ ಗಾತ್ರದಲ್ಲಿ ತಯಾರಾಗುತ್ತದೆ. ಅವರ ಮಾನಿಟರ್ ಲೆಕ್ಕದಲ್ಲಿ 1280×720. ಉಳಿದದ್ದನ್ನು ಕಾರ್ಡ್ ಊಹಿಸಿ ತುಂಬುತ್ತದೆ.

ಮುಖ್ಯವಾದ ಒಂದನ್ನು ಅವರು ಮುಟ್ಟಲಿಲ್ಲ. ನೆಲದ ವಿವರ ಎಷ್ಟು ದೂರದವರೆಗೆ ಇರಬೇಕು ಅಂತ ಹೇಳುವ ಟೆರೇನ್ ಲೆವೆಲ್ ಆಫ್ ಡೀಟೇಲ್, ಬಾಯಿಮಾತಿನಲ್ಲಿ ಟಿಎಲ್‌ಒಡಿ, 200ರಲ್ಲೇ ಉಳಿಯಿತು. ದೂರದ ಬೆಟ್ಟ ಸ್ಪಷ್ಟವಾಗಿ ಕಾಣಬೇಕು ಅನ್ನುವುದು ಅವರ ಆಸೆ.

ಫಲಿತಾಂಶ ಹೀಗಿತ್ತು. ಮೇಲೆ ಹಾರುವಾಗ ಫ್ರೇಮ್ ರೇಟ್ 95ಕ್ಕೆ ಏರಿತು. ಇಳಿಯುವಾಗ? ಅದೇ 45, ಅದೇ 28, ಅದೇ ಗಕ್ಕನೆ ನಿಲ್ಲುವುದು. ಜೊತೆಗೆ ಹೊಸ ಕಷ್ಟ: ಕಾಕ್‌ಪಿಟ್ ಪರದೆಯಲ್ಲಿ ಎತ್ತರದ ಅಂಕಿಗಳು ಉರುಳುವಾಗ ಹಿಂದೆ ನೆರಳು ಬಿಟ್ಟುಕೊಂಡು ಹೋಗುತ್ತಿದ್ದವು. ರನ್‌ವೇ ಮೇಲಿನ ಬಿಳಿ ಗೆರೆಗಳು ತೀರ ಹತ್ತಿರ ಬರುವವರೆಗೆ ಬೂದು ಮಸಿಯ ಹಾಗೆ ಇರುತ್ತಿದ್ದವು. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಈ ಫಲಿತಾಂಶವೇ ದೊಡ್ಡ ಸುಳಿವು. ಗ್ರಾಫಿಕ್ಸ್ ಅರ್ಧಕ್ಕರ್ಧ ಇಳಿಸಿದರೂ ಇಳಿಯುವಾಗಿನ ಸಂಖ್ಯೆ ಒಂದಿಷ್ಟೂ ಅಲ್ಲಾಡಲಿಲ್ಲ ಅಂದರೆ, ಅಲ್ಲಿ ತಡೆ ಹಾಕುತ್ತಿರುವುದು ಗ್ರಾಫಿಕ್ಸ್ ಕಾರ್ಡ್ ಅಲ್ಲವೇ ಅಲ್ಲ.

ಮೊದಲ ತಿರುವು: ಯಾರು ಯಾರಿಗಾಗಿ ಕಾಯುತ್ತಿದ್ದಾರೆ?

ಈ ಹಂತದಲ್ಲಿ ಅವರು ನನ್ನನ್ನು ಕೇಳಿದರು. ಯಾವ ಸೆಟ್ಟಿಂಗ್ ಅನ್ನೂ ಬದಲಿಸುವ ಮೊದಲು ಡೆವಲಪರ್ ಮೋಡ್ ಆನ್ ಮಾಡಿ, ಅದರೊಳಗಿನ ಎಫ್‌ಪಿಎಸ್ ಕೌಂಟರ್ ತೆರೆಯಲು ಹೇಳಿದೆ. ಈ ಕೌಂಟರ್ ಬರೀ ಸಂಖ್ಯೆ ಕೊಟ್ಟು ಸುಮ್ಮನಾಗುವುದಿಲ್ಲ. ಪ್ರೊಸೆಸರ್‌ನ ಮುಖ್ಯ ಕೆಲಸಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಹಿಡಿಯಿತು, ಇಬ್ಬರಲ್ಲಿ ತಡೆಯುತ್ತಿರುವವರು ಯಾರು ಅನ್ನುವುದನ್ನೂ ಹೇಳುತ್ತದೆ.

ಮೇಲೆ ಹಾರುವಾಗ ಅದು ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ, ಹೆಸರು ತೋರಿಸಿತು. ಇಳಿಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಬಣ್ಣ ಬದಲಾಗಿ ‘ಮೇನ್ ಥ್ರೆಡ್’ (ಪ್ರೊಸೆಸರ್‌ನ ಮುಖ್ಯ ಕೆಲಸ) ಅಂತ ಬಂತು. ಅಲ್ಲಿ ಮೇನ್ ಥ್ರೆಡ್ ಒಂದೊಂದು ಫ್ರೇಮಿಗೆ 30ರಿಂದ 36 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹತ್ತೇ ಮಿಲಿಸೆಕೆಂಡಿನಲ್ಲಿ ತನ್ನ ಪಾಲು ಮುಗಿಸಿ ಸುಮ್ನೆ ಕೂತಿತ್ತು. ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಮೊದಲನೆಯವರು ನಿಧಾನವಾದರೆ, ಕೊನೆಯವರ ಕೈಗೆ ಹಗುರ ಇಟ್ಟಿಗೆ ಕೊಟ್ಟು ಏನು ಪ್ರಯೋಜನ?

ಮೇನ್ ಥ್ರೆಡ್ ಮಾಡುವ ಕೆಲಸ ಚಿತ್ರ ಬಿಡಿಸುವುದಲ್ಲ. ಸುತ್ತಲಿನ ನೆಲದ ತುಂಡುಗಳು, ಕಟ್ಟಡ, ಮರ ಯಾವುದು ಎಷ್ಟು ವಿವರದಲ್ಲಿ ಇರಬೇಕು ಅಂತ ತೀರ್ಮಾನಿಸುವುದು, ನಿಲ್ದಾಣದಲ್ಲಿ ಓಡಾಡುವ ಬೇರೆ ವಿಮಾನ, ಬಸ್, ಟ್ರಾಲಿಗಳನ್ನು ನಡೆಸುವುದು, ಕಾಕ್‌ಪಿಟ್ ಪರದೆಗಳನ್ನು ಮತ್ತೆ ಮತ್ತೆ ಬರೆಯುವುದು, ಇಂಥವೆಲ್ಲ ಅದರ ಪಾಲಿಗೆ. ಇದು ಬಹುಪಾಲು ಒಂದೇ ಕೋರ್ ಮೇಲೆ ಬೀಳುವ ಹೊರೆ. ಆರು ಕೋರ್ ಇದ್ದರೂ ಒಂದರ ವೇಗವೇ ಇಡೀ ಹಾರಾಟದ ವೇಗ. ಟಾಸ್ಕ್ ಮ್ಯಾನೇಜರ್ ನೋಡಿ ‘ಪ್ರೊಸೆಸರ್ 40 ಪರ್ಸೆಂಟೇ ಬಳಕೆ ಆಗ್ತಿದೆ, ಹಾಗಾದ್ರೆ ಅದು ತಪ್ಪಿತಸ್ಥ ಅಲ್ಲ’ ಅಂತ ಅವರು ಅಂದುಕೊಂಡದ್ದು ಇದೇ ಕಾರಣಕ್ಕೆ. ಆ 40 ಎಲ್ಲ ಕೋರ್‌ಗಳ ಸರಾಸರಿ. ಬೆವರು ಸುರಿಸುತ್ತಿದ್ದ ಕೋರ್ ಒಂದೇ, ಸರಾಸರಿಯಲ್ಲಿ ಅದು ಮರೆಯಾಗಿತ್ತು.

ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್ ಹಾರಿಸುವವರಿಗೂ ಈ ಪರೀಕ್ಷೆ ಅಷ್ಟೇ ಸುಲಭ. ಅದರ ಫ್ರೇಮ್ ರೇಟ್ ಮಾಹಿತಿಯಲ್ಲಿ ಸಿಪಿಯು (ಪ್ರೊಸೆಸರ್) ಸಮಯ, ಜಿಪಿಯು ಸಮಯ ಬೇರೆ ಬೇರೆ ಬರುತ್ತವೆ. ಅಲ್ಲಿ ಇದು ಇನ್ನೂ ಮುಖ್ಯ. ಫ್ರೇಮ್ ರೇಟ್ 20ರ ಕೆಳಗೆ ಹೋದರೆ ಎಕ್ಸ್-ಪ್ಲೇನ್ ಸಿಮ್ಯುಲೇಶನ್‌ನ ಕಾಲವನ್ನೇ ನಿಧಾನ ಮಾಡುತ್ತದೆ.

ಪರೀಕ್ಷೆಗೆ ಒಂದು ಗಟ್ಟಿ ನೆಲ

ಇಲ್ಲಿ ಮಾಡಿದ ಒಂದು ತೀರ್ಮಾನ ಹೊರಗಿನಿಂದ ಸಣ್ಣದಾಗಿ ಕಾಣುತ್ತದೆ. ನನ್ನ ಪ್ರಕಾರ ಉಳಿದದ್ದೆಲ್ಲ ಅದರಿಂದಲೇ ಸಾಧ್ಯವಾಯಿತು. ಅವರು ಅಲ್ಲಿಯವರೆಗೆ ಪ್ರತಿ ಸಲ ಬೇರೆ ಊರಿಗೆ, ಬೇರೆ ಹವಾಮಾನದಲ್ಲಿ ಹಾರಿ ‘ಇವತ್ತು ಪರವಾಗಿಲ್ಲ’, ‘ಇವತ್ತು ಕೆಟ್ಟದಾಗಿದೆ’ ಅಂತ ನಿರ್ಧರಿಸುತ್ತಿದ್ದರು. ಲೈವ್ ಹವಾಮಾನ ಆನ್ ಇದ್ದರೆ ಒಂದು ದಿನ ಮೋಡ, ಒಂದು ದಿನ ಬಿಸಿಲು. ಹೀಗಿರುವಾಗ ಯಾವ ಸೆಟ್ಟಿಂಗ್ ಏನು ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಒಂದೇ ಹಾರಾಟ ಸೇವ್ ಮಾಡಿಟ್ಟೆವು. ಅವರಿಗೆ ಅತಿ ಹೆಚ್ಚು ಕಾಟ ಕೊಡುತ್ತಿದ್ದ ನಿಲ್ದಾಣ, ರನ್‌ವೇಯಿಂದ ಸುಮಾರು ಎಂಟು ಮೈಲಿ ದೂರ, ರನ್‌ವೇಗೆ ಇಳಿಯುವ ಓರೆ ದಾರಿಯಾದ ಗ್ಲೈಡ್ ಸ್ಲೋಪ್ ಮೇಲೆ. ಲೈವ್ ಹವಾಮಾನ ಬಂದ್, ಚದುರಿದ ಮೋಡದ ಪ್ರೀಸೆಟ್. ಲೈವ್ ಟ್ರಾಫಿಕ್ ಬಂದ್. ಆಟೋಪೈಲಟ್ ಇಳಿಸಲಿ, ನಾವು ಗ್ರಾಫ್ ನೋಡೋಣ. ಒಂದು ಸಲಕ್ಕೆ ಒಂದೇ ಬದಲಾವಣೆ.

ಇನ್ನೊಂದು ಎಚ್ಚರಿಕೆ ಬೇಕಾಯಿತು. ಸಿಮ್ಯುಲೇಟರ್ ಶುರು ಮಾಡಿದ ಮೇಲಿನ ಮೊದಲ ಇಳಿತ ಯಾವಾಗಲೂ ಒರಟಾಗಿರುತ್ತಿತ್ತು, ಎರಡನೆಯದು ನಯ. ಮೊದಲ ಸಲ ನೆಲದ ಚಿತ್ರಗಳೆಲ್ಲ ಇಂಟರ್ನೆಟ್‌ನಿಂದ, ಡಿಸ್ಕ್‌ನಿಂದ ಬರಬೇಕು. ಎರಡನೇ ಸಲ ಅವು ಆಗಲೇ ಮೆಮೊರಿಯಲ್ಲಿ ಇರುತ್ತವೆ. ಇದನ್ನು ಗಮನಿಸದಿದ್ದರೆ, ಸೆಟ್ಟಿಂಗ್ ಬದಲಿಸಿ ಮತ್ತೆ ಇಳಿದ ತಕ್ಷಣ ‘ಆಹಾ, ಸರಿ ಹೋಯ್ತು’ ಅನ್ನಿಸಿಬಿಡುತ್ತದೆ. ಸರಿ ಹೋಗಿರುವುದಿಲ್ಲ. ಹಾಗಾಗಿ ಮೊದಲ ಇಳಿತವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ನೋಡಬೇಕಾದದ್ದು ಎಫ್‌ಪಿಎಸ್ ಅಲ್ಲ, ಒಂದೊಂದು ಫ್ರೇಮಿಗೆ ಹಿಡಿಯುವ ಹೊತ್ತು, ಅಂದರೆ ಫ್ರೇಮ್ ಟೈಮ್ ಅಂತ ಅವರಿಗೆ ಮನವರಿಕೆ ಆದದ್ದು ಒಂದು ಸರಳ ಲೆಕ್ಕದಿಂದ. ಒಂದು ಸೆಕೆಂಡಿನಲ್ಲಿ 30 ಫ್ರೇಮ್ ಬಂದವು ಅನ್ನಿ. ಮೂವತ್ತೂ ತಲಾ 33.3 ಮಿಲಿಸೆಕೆಂಡ್ ತೆಗೆದುಕೊಂಡರೆ ಕೌಂಟರ್ 30 ಅನ್ನುತ್ತದೆ. ಇಪ್ಪತ್ತೊಂಬತ್ತು ಫ್ರೇಮ್ ತಲಾ 29 ಮಿಲಿಸೆಕೆಂಡಿಗೆ ಬಂದು, ಒಂದೇ ಒಂದು 159 ಮಿಲಿಸೆಕೆಂಡ್ ತಿಂದರೂ ಕೌಂಟರ್ 30 ಅಂತಲೇ ಹೇಳುತ್ತದೆ. ಮೊದಲನೆಯದರಲ್ಲಿ ನಿಶ್ಚಿಂತೆಯಾಗಿ ಇಳಿಸಬಹುದು. ಎರಡನೆಯದರಲ್ಲಿ ಆ ಒಂದು ಫ್ರೇಮಿನ ಹೊತ್ತಿಗೆ ವಿಮಾನ ಹನ್ನೊಂದು ಮೀಟರ್ ಹೋಗಿರುತ್ತದೆ. ರಿವಾಟ್ಯೂನರ್ ಅನ್ನುವ ಸಾಧನದ ಫ್ರೇಮ್ ಟೈಮ್ ಗೆರೆಯನ್ನು ಪರದೆಯ ಮೂಲೆಗೆ ಹಾಕಿಕೊಂಡ ಮೇಲೆ, ಕಣ್ಣಿಗೆ ಬಡಿಯುವ ಪ್ರತಿ ಎಡವಟ್ಟೂ ಗೆರೆಯಲ್ಲಿ ಒಂದು ಮುಳ್ಳಾಗಿ ಕಾಣತೊಡಗಿತು.

ಹೊರೆ ಇಳಿಸಿದ್ದು

ಟಿಎಲ್‌ಒಡಿ 200ರಿಂದ 100ಕ್ಕೆ ತಂದ ತಕ್ಷಣ ದೊಡ್ಡ ವ್ಯತ್ಯಾಸ ಬಂತು. ಕಾರಣ ಇಷ್ಟೇ: ಈ ಸಂಖ್ಯೆ ಹೆಚ್ಚಿಸಿದಷ್ಟೂ ಪೂರ್ತಿ ವಿವರ ಇನ್ನಷ್ಟು ದೂರದವರೆಗೆ ಹರಡುತ್ತದೆ. ದೂರ ಎರಡು ಪಟ್ಟಾದರೆ ಆ ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟು. ಸ್ಲೈಡರ್ ಮೇಲೆ ಸ್ವಲ್ಪ ದೂರದ ಹಾಗೆ ಕಾಣುವುದು ಪ್ರೊಸೆಸರ್‌ಗೆ ಸ್ವಲ್ಪ ಅಲ್ಲ.

ಆದರೆ ಅವರು ಒಪ್ಪಲಿಲ್ಲ. ಮೇಲಿನಿಂದ ನೋಡಿದರೆ ದೂರದ ಊರುಗಳು ಕರಗಿದ ಮೇಣದ ಹಾಗೆ ಕಾಣುತ್ತವೆ ಅಂದರು. ಅದು ನಿಜವೇ. ಆಗ ಇಬ್ಬರೂ ಕೂತು ಯೋಚಿಸಿದಾಗ ಒಂದು ಮಾತು ಸ್ಪಷ್ಟವಾಯಿತು. ದೂರದ ವಿವರ ಬೇಕಾಗುವುದು ಎತ್ತರದಲ್ಲಿ ಇರುವಾಗ. ಆಗ ಸುತ್ತ ನಿಲ್ದಾಣ ಇಲ್ಲ, ವಾಹನ ಇಲ್ಲ, ಪ್ರೊಸೆಸರ್ ಬಿಡುವಾಗಿರುತ್ತದೆ. ನೆಲದ ಹತ್ತಿರ ಇರುವಾಗ ದೂರ ಕಾಣುವುದೇ ಇಲ್ಲ, ಹೊರೆ ಮಾತ್ರ ತುತ್ತತುದಿಯಲ್ಲಿ. ಅಂದರೆ ಎರಡು ಬೇಡಿಕೆ ಒಂದೇ ಹೊತ್ತಿಗೆ ಬರುವುದೇ ಇಲ್ಲ! ಎತ್ತರಕ್ಕೆ ತಕ್ಕ ಹಾಗೆ ಟಿಎಲ್‌ಒಡಿಯನ್ನು ತಾನಾಗಿ ಏರಿಸಿ ಇಳಿಸುವ ಉಚಿತ ಸಾಧನಗಳು ಇವೆ. ಅಂಥದ್ದೊಂದನ್ನು ಹಾಕಿಕೊಂಡರು. ನೆಲದ ಹತ್ತಿರ 80, ಮೇಲೆ 200, ನಡುವೆ ನಿಧಾನವಾಗಿ ಬದಲಾಗುವ ಹಾಗೆ. ‘ನಿಧಾನವಾಗಿ’ ಅನ್ನುವುದು ಮುಖ್ಯ. ಒಮ್ಮೆಲೇ ಬದಲಿಸಿದರೆ ಆ ಬದಲಾವಣೆಯೇ ಒಂದು ಎಡವಟ್ಟಾಗಿ ಬಂದು ಕೂರುತ್ತದೆ.

ಉಳಿದವು ಬೇಗ ಮುಗಿದವು. ನಿಲ್ದಾಣದ ವಾಹನ, ಕೆಲಸಗಾರರ ಸಂಖ್ಯೆ ಅರ್ಧಕ್ಕಿಂತ ಕೆಳಗೆ. ಕಾಕ್‌ಪಿಟ್ ಪರದೆಗಳನ್ನು ಎಷ್ಟು ಬೇಗ ಬೇಗ ಬರೆಯಬೇಕು ಅನ್ನುವ ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ಹೈನಿಂದ ಮೀಡಿಯಂಗೆ. ಇದನ್ನು ಲೋ ಮಾಡಿ ನೋಡಿದರೆ ಹಾರಿಜಾನ್ ಗೆರೆ ಮೆಟ್ಟಿಲು ಇಳಿದ ಹಾಗೆ ಚಲಿಸುತ್ತಿತ್ತು, ಹಾಗಾಗಿ ಮೀಡಿಯಂ. ಇಷ್ಟಾದ ಮೇಲೆ ಅತಿ ಕಷ್ಟದ ಜಾಗದಲ್ಲೂ ಮೇನ್ ಥ್ರೆಡ್ 22ರಿಂದ 26 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಎರಡನೇ ತಿರುವು: 30ಕ್ಕೆ ಕಟ್ಟುವುದು

26 ಮಿಲಿಸೆಕೆಂಡ್ ಅಂದರೆ 38 ಎಫ್‌ಪಿಎಸ್. 22 ಅಂದರೆ 45. ಮೇಲೆ ಹಾರುವಾಗ 60ಕ್ಕಿಂತ ಜಾಸ್ತಿ. ಇದನ್ನು 30ಕ್ಕೆ ಕಟ್ಟಿಹಾಕೋಣ ಅಂದಾಗ ಅವರಿಗೆ ಸಿಟ್ಟೇ ಬಂತು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಬಿಟ್ಟುಕೊಡಬೇಕಾ? ಕನಿಷ್ಠ 40 ಆದರೂ ಇರಲಿ ಅಂದರು. ನ್ಯಾಯವಾದ ಪ್ರಶ್ನೆ, ಅಲ್ವಾ?

ಉತ್ತರ ಅವರ ಮಾನಿಟರ್‌ನಲ್ಲಿತ್ತು. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅರ್ಧದಲ್ಲಿ ಬದಲಾಗು ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ. 40 ಎಫ್‌ಪಿಎಸ್ ಅಂದರೆ ಪ್ರತಿ ಫ್ರೇಮಿಗೆ 25 ಮಿಲಿಸೆಕೆಂಡ್. ಪರದೆ ಬದಲಾಗುವ ಹೊತ್ತಿಗೇ ಫ್ರೇಮ್ ತೋರಿಸುವ ವಿ-ಸಿಂಕ್ ಇದ್ದಾಗ ಒಂದು ಫ್ರೇಮ್ 16.7 ಹೊತ್ತು ನಿಲ್ಲುತ್ತದೆ, ಮುಂದಿನದು 33.3, ಮತ್ತೆ 16.7, ಮತ್ತೆ 33.3. ಗ್ರಾಫಿಕ್ಸ್ ಕಾರ್ಡ್ ಸಮವಾಗಿ ಕೊಟ್ಟರೂ ಪರದೆ ಕುಂಟುತ್ತದೆ. 30ರಲ್ಲಿ ಹಾಗಲ್ಲ. ಪ್ರತಿ ಫ್ರೇಮೂ ಸರಿಯಾಗಿ ಎರಡು ಬದಲಾವಣೆಯ ಹೊತ್ತು ನಿಲ್ಲುತ್ತದೆ. ಈ ಮಾನಿಟರ್ ಮೇಲೆ ಸಮವಾಗಿ ಕೂರುವ ಸಂಖ್ಯೆಗಳು 60, 30, 20, ಇಂಥವು ಮಾತ್ರ. ಅವರ ಪ್ರೊಸೆಸರ್ ದೊಡ್ಡ ನಿಲ್ದಾಣದಲ್ಲಿ 60 ಕೊಡುವುದು ಆಗದ ಮಾತು. ಉಳಿದದ್ದು 30.

ಮಾತಿಗಿಂತ ನೋಡಿದ್ದೇ ಕೆಲಸ ಮಾಡಿತು. ಒಮ್ಮೆ 40ಕ್ಕೆ ಕಟ್ಟಿ ಇಳಿದರು, ಒಮ್ಮೆ 30ಕ್ಕೆ. ರನ್‌ವೇ ಅಂಚಿನ ದೀಪಗಳು ಪಕ್ಕದಲ್ಲಿ ಹಾದು ಹೋಗುವುದನ್ನು ಮಾತ್ರ ಗಮನಿಸಿ ಅಂದಿದ್ದೆ. 40ರಲ್ಲಿ ಒಂದೊಂದು ದೀಪವೂ ಜೋಡಿಯಾಗಿ ನಡುಗುತ್ತಿತ್ತು. 30ರಲ್ಲಿ ಒಂದೇ ಹದದಲ್ಲಿ ಜಾರಿ ಹೋಯಿತು. ಅಲ್ಲಿಗೆ ವಾದ ಮುಗಿಯಿತು.

ಮೊದಲ ಪ್ರಯತ್ನದಲ್ಲಿ ಮಾತ್ರ 30 ಕೂಡ ಕುಂಟಿತ್ತು. ನೋಡಿದರೆ ಸಿಮ್ಯುಲೇಟರ್ ಒಳಗೊಂದು ಮಿತಿ, ಡ್ರೈವರ್‌ನಲ್ಲಿ ಇನ್ನೊಂದು, ರಿವಾಟ್ಯೂನರ್‌ನಲ್ಲಿ ಮತ್ತೊಂದು. ಮೂರೂ 30. ಮೂವರ ಗಡಿಯಾರ ಕೂದಲೆಳೆಯಷ್ಟು ಹಿಂದೆಮುಂದೆ ಆದರೂ ಸಾಕು, ಆಗಾಗ ಒಂದು ಫ್ರೇಮ್ ತನ್ನ ಸರದಿ ತಪ್ಪಿಸಿಕೊಳ್ಳುತ್ತದೆ. ಎಲ್ಲ ತೆಗೆದು, ಸಿಮ್ಯುಲೇಟರ್‌ನ ವಿ-ಸಿಂಕ್ ಅನ್ನು ಮಾನಿಟರ್ ರಿಫ್ರೆಶ್‌ನ ಅರ್ಧಕ್ಕೆ ಇಟ್ಟು ಅದೊಂದನ್ನೇ ಉಳಿಸಿದರು. ಫ್ರೇಮ್ ಟೈಮ್ ಗೆರೆ ನೆಟ್ಟಗಾಯಿತು.

ಆಮೇಲೆ ಅವರು ಹೇಳಿದ್ದು, ಚಿತ್ರ ನಯವಾಗಿದೆ, ಆದರೆ ಸೈಡ್‌ಸ್ಟಿಕ್ ಭಾರವಾದ ಹಾಗಿದೆ. ಇದೂ ಭ್ರಮೆಯಲ್ಲ. 30 ಎಫ್‌ಪಿಎಸ್‌ನಲ್ಲಿ ಸರದಿಯಲ್ಲಿ ಕಾಯುವ ಒಂದೊಂದು ಫ್ರೇಮೂ 33 ಮಿಲಿಸೆಕೆಂಡಿನ ತಡ. ಎರಡು ಮೂರು ಫ್ರೇಮ್ ಮುಂಚೆಯೇ ತಯಾರಾಗಿ ಸಾಲುಗಟ್ಟಿದರೆ ಕೈ ಆಡಿಸಿದ್ದು ಕಣ್ಣಿಗೆ ಕಾಣುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಪ್ರೋಗ್ರಾಮ್ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಹೇಳುವ ವ್ಯವಸ್ಥೆ ಡೈರೆಕ್ಟ್‌ಎಕ್ಸ್; ಅವರು ಅದರ 12ರಲ್ಲಿ ಹಾರುತ್ತಿದ್ದರು. ಅದರಲ್ಲಿ ಸರದಿಯನ್ನು ಪ್ರೋಗ್ರಾಮೇ ನೋಡಿಕೊಳ್ಳುತ್ತದೆ, ಎನ್‌ವಿಡಿಯಾ ಡ್ರೈವರ್‌ನಲ್ಲಿ ಈ ಸಾಲನ್ನು ಚಿಕ್ಕದು ಮಾಡುವ ಲೋ ಲೇಟೆನ್ಸಿ ಆಯ್ಕೆ ಅಲ್ಲಿ ಕೆಲಸ ಮಾಡುವುದಿಲ್ಲ. ಡೈರೆಕ್ಟ್‌ಎಕ್ಸ್ 11ಕ್ಕೆ ಬಂದು ಆ ಆಯ್ಕೆ ಆನ್ ಮಾಡಿದ ಮೇಲೆ ಕೈಗೆ ಹಗುರವಾಯಿತು.

ಫ್ರೇಮ್ ಜನರೇಶನ್ ಯಾಕೆ ಬೇಡ ಅಂತಲೂ ಕೇಳಿದರು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಶನ್ 30 ಸರಣಿಯ ಕಾರ್ಡಿನಲ್ಲಿ ನಡೆಯುವುದಿಲ್ಲ. ನಡೆದಿದ್ದರೂ ಅದು ಎರಡು ನಿಜವಾದ ಫ್ರೇಮ್ ನಡುವೆ ಒಂದನ್ನು ಸೃಷ್ಟಿಸಿ ಸೇರಿಸುತ್ತದೆ. ನೋಟ ನಯವಾಗುತ್ತದೆ, ಕೈಗೆ ಸಿಗುವ ಉತ್ತರ ಬೇಗ ಬರುವುದಿಲ್ಲ.

ಮೂರನೇ ತಿರುವು: ಚಿತ್ರ ಸ್ಪಷ್ಟವಾದದ್ದು

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. 30ಕ್ಕೆ ಕಟ್ಟಿದ ಮೇಲೆ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡ್ ಸಿಗುತ್ತದೆ. ಅವರ ಗ್ರಾಫಿಕ್ಸ್ ಕಾರ್ಡ್ ಹತ್ತರಲ್ಲಿ ಕೆಲಸ ಮುಗಿಸುತ್ತಿತ್ತು. ಹಾಗಾದರೆ ಇಪ್ಪತ್ತಕ್ಕೂ ಹೆಚ್ಚು ಮಿಲಿಸೆಕೆಂಡ್ ವ್ಯರ್ಥ. ತಿಂಗಳುಗಟ್ಟಲೆ ಒಂದೊಂದೇ ಇಳಿಸಿದ್ದನ್ನೆಲ್ಲ ಈಗ ಧೈರ್ಯವಾಗಿ ಏರಿಸಬಹುದು!

ಮೊದಲು ಹೋಗಿದ್ದು ಡಿಎಲ್‌ಎಸ್‌ಎಸ್. ಚಿತ್ರದ ಅಂಚುಗಳನ್ನು ನಯ ಮಾಡುವ ಮಾಮೂಲಿ ವಿಧಾನವಾದ ಟಿಎಎಗೆ ಬಂದು ರೆಂಡರ್ ಸ್ಕೇಲಿಂಗ್ 100 ಮಾಡಿದ ಕೂಡಲೇ ಕಾಕ್‌ಪಿಟ್ ಅಂಕಿಗಳ ಹಿಂದಿನ ನೆರಳು ಮಾಯವಾಯಿತು. ಮೋಡ ಹೈಗೆ, ಆಮೇಲೆ ಅಲ್ಟ್ರಾಗೆ. ನೆರಳು ಹೈಗೆ. ಒಂದೊಂದು ಏರಿಸಿದಾಗಲೂ ಜಿಪಿಯು ಸಮಯ ನೋಡುತ್ತಿದ್ದರು. ದಟ್ಟ ಮೋಡದ ಒಳಗೆ ಇರುವಾಗಲೂ 25 ಮಿಲಿಸೆಕೆಂಡ್ ದಾಟಬಾರದು ಅಂತ ಗೆರೆ ಹಾಕಿಕೊಂಡರು. ಪೂರ್ತಿ 33ರವರೆಗೆ ಹೋದರೆ ಒಂದು ಗುಡುಗು ಮೋಡ ಬಂದರೆ ಸಾಕು, ಎಲ್ಲ ಕೆಡುತ್ತದೆ.

ಇವುಗಳಲ್ಲಿ ಬೆಲೆಗಿಂತ ಲಾಭ ಜಾಸ್ತಿ ಕೊಟ್ಟದ್ದು ಅನೈಸೋಟ್ರೋಪಿಕ್ ಫಿಲ್ಟರಿಂಗ್. ಸಾಮಾನ್ಯ ಅಪ್ರೋಚ್‌ನಲ್ಲಿ ವಿಮಾನ ಇಳಿಯುವುದು 3 ಡಿಗ್ರಿ ಕೋನದಲ್ಲಿ. ಅಂದರೆ ರನ್‌ವೇ ನಮ್ಮ ಕಣ್ಣಿಗೆ ತೀರ ಓರೆಯಾಗಿ, ಬಹುತೇಕ ಮಲಗಿದ ಹಾಗೆ ಕಾಣುತ್ತದೆ. ಓರೆಯಾಗಿ ಕಾಣುವ ಮೇಲ್ಮೈಯ ವಿವರ ಉಳಿಸುವುದೇ ಈ ಫಿಲ್ಟರಿಂಗ್‌ನ ಕೆಲಸ. ಅವರು ಅದನ್ನು 4ಕ್ಕೆ ಇಳಿಸಿದ್ದರು. 16ಕ್ಕೆ ಏರಿಸಿದಾಗ ಜಿಪಿಯು ಸಮಯದಲ್ಲಿ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವಷ್ಟು. ರನ್‌ವೇ ಸಂಖ್ಯೆ, ಟಚ್‌ಡೌನ್ ಪಟ್ಟಿಗಳು ಮಾತ್ರ ಬಹಳ ಮುಂಚೆಯೇ ಬಿಡಿಬಿಡಿಯಾಗಿ ಕಾಣತೊಡಗಿದವು. ಫ್ರೇಮ್ ಉಳಿಸುವ ಆತುರದಲ್ಲಿ ಇದನ್ನು ಇಳಿಸುವವರು ಬಹಳ ಮಂದಿ. ದಯವಿಟ್ಟು ಇಳಿಸಬೇಡಿ.

ಉಳಿದುಕೊಂಡ ಒಂದು ಮುಳ್ಳು

ಎಲ್ಲ ಸರಿ ಹೋಯಿತು ಅನ್ನುವಾಗ, ಪ್ರತ್ಯೇಕವಾಗಿ ಕೊಂಡು ಹಾಕಿದ್ದ ಒಂದು ವಿಮಾನ ನಿಲ್ದಾಣದಲ್ಲಿ ಮಾತ್ರ ಗಕ್ಕನೆ ನಿಲ್ಲುವುದು ಮುಂದುವರಿಯಿತು. ವಿಚಿತ್ರ ಏನೆಂದರೆ ಮೇನ್ ಥ್ರೆಡ್ 24ರಲ್ಲಿ ಇತ್ತು, ಜಿಪಿಯು 23ರಲ್ಲಿ. ಎರಡೂ ಮಿತಿಯೊಳಗೆ. ಟರ್ಮಿನಲ್ ಕಡೆ ತಲೆ ತಿರುಗಿಸಿದಾಗ ಮಾತ್ರ ಮುಳ್ಳು.

ಈ ಸಲ ನೋಡಿದ್ದು ಕಾರ್ಡಿನ ಮೆಮೊರಿ. 8 ಜಿಬಿಯೂ ತುಂಬಿ ತುಳುಕುತ್ತಿತ್ತು. ಜಾಗ ಸಾಲದಾಗ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೋಗಿ ಕೂರುತ್ತವೆ. ಬೇಕಾದಾಗ ಅಲ್ಲಿಂದ ತರಬೇಕು. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನ. ಟೆಕ್ಸ್ಚರ್ ರೆಸಲ್ಯೂಶನ್ ಅಲ್ಟ್ರಾದಿಂದ ಹೈಗೆ ಇಳಿಸಿದರು, ಮುಳ್ಳು ಹೋಯಿತು. 1440 ಪರದೆಯಲ್ಲಿ ಎರಡರ ವ್ಯತ್ಯಾಸ ಹುಡುಕಿದರೂ ಅವರಿಗೆ ಸಿಗಲಿಲ್ಲ. ಮೆಮೊರಿ ತುಂಬಿದ ಎಡವಟ್ಟು ಎಫ್‌ಪಿಎಸ್ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಜನ ಇದನ್ನು ಪ್ರೊಸೆಸರ್ ಮೇಲೆಯೋ ಇಂಟರ್ನೆಟ್ ಮೇಲೆಯೋ ಹಾಕಿ ಸುಮ್ಮನಾಗುತ್ತಾರೆ.

ಈಗಿನ ಸ್ಥಿತಿ, ಮತ್ತು ಮುಂದಿನ ಲೆಕ್ಕ

ಇಳಿಯುವಾಗ ಗೆರೆ 33.3ರಲ್ಲಿ ನೆಟ್ಟಗೆ ಇರುತ್ತದೆ. ದೊಡ್ಡ ಊರಿನ ಮೇಲೆ ಮೊದಲ ಸಲ ಬಂದಾಗ ಎಲ್ಲೋ ಒಂದು ಸಣ್ಣ ಮುಳ್ಳು ಬರುತ್ತದೆ, ಅದೂ ಎತ್ತರದಲ್ಲಿ ಇರುವಾಗ. ಕೌಂಟರ್ ಮುಚ್ಚಿಟ್ಟು ಹಾರುತ್ತಾರೆ. ಮೊದಲಿಗಿಂತ ಫ್ರೇಮ್ ಕಡಿಮೆ, ಚಿತ್ರ ಸ್ಪಷ್ಟ, ಲ್ಯಾಂಡಿಂಗ್ ಮೆತ್ತಗೆ.

ಬಿಟ್ಟುಕೊಟ್ಟದ್ದೂ ಇದೆ. ಕಾಕ್‌ಪಿಟ್ ಒಳಗೆ ತಲೆಯನ್ನು ವೇಗವಾಗಿ ಆಚೀಚೆ ತಿರುಗಿಸಿದರೆ 30ರಲ್ಲಿ ಚಿತ್ರ ಒಡೆದು ಒಡೆದು ಕಾಣುತ್ತದೆ. ಸಿನಿಮಾ 24ರಲ್ಲೂ ನಯವಾಗಿ ಕಾಣುತ್ತದಲ್ಲ ಅಂತ ಕೇಳುವವರಿದ್ದಾರೆ. ಕ್ಯಾಮೆರಾದ ಪ್ರತಿ ಫ್ರೇಮಿನಲ್ಲೂ ಚಲನೆಯ ಮಸುಕು ಸೇರಿರುತ್ತದೆ, ಕಣ್ಣು ಅದನ್ನು ಜೋಡಿಸಿಕೊಳ್ಳುತ್ತದೆ. ಸಿಮ್ಯುಲೇಟರ್‌ನ ಫ್ರೇಮ್ ಒಂದು ಕ್ಷಣದ ಚೂಪಾದ ಚಿತ್ರ. ಅವರು ತಲೆ ತಿರುಗಿಸುವ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ಕಡಿಮೆ ಮಾಡಿಕೊಂಡು ಹೊಂದಿಕೊಂಡಿದ್ದಾರೆ. ಸಣ್ಣ ವಿಮಾನದಲ್ಲಿ ಗಿರಕಿ ಹೊಡೆಯುವವರಿಗೆ, ಹೆಡ್ ಟ್ರ್ಯಾಕಿಂಗ್ ಬಳಸುವವರಿಗೆ ಈ ತೀರ್ಮಾನ ಸರಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಂಥವರು ಚಿತ್ರದ ಸ್ಪಷ್ಟತೆ ಬಿಟ್ಟು 60ರ ಕಡೆ ಹೋಗುವುದೇ ಮೇಲು.

ಈ ಪ್ರಕರಣದ ಹಾರಾಟಗಾರರು ಈಗ 48ರಿಂದ 144 ಹರ್ಟ್ಸ್‌ವರೆಗೆ ತಾನಾಗಿ ಬದಲಾಗುವ ಮಾನಿಟರ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಅಂಥದ್ದರಲ್ಲಿ 40 ಎಫ್‌ಪಿಎಸ್ ಕುಂಟುವುದಿಲ್ಲ. ಫ್ರೇಮ್ ರೇಟ್ 48ರ ಕೆಳಗಿದ್ದರೆ ಒಂದೊಂದು ಫ್ರೇಮನ್ನೂ ಎರಡೆರಡು ಸಲ ತೋರಿಸಿ, ಪರದೆಯನ್ನು 80 ಹರ್ಟ್ಸ್‌ನಲ್ಲಿ ನಡೆಸಬಹುದು. ಆದರೆ 40 ಅಂದರೆ 25 ಮಿಲಿಸೆಕೆಂಡಿನ ಗಡುವು. ಅವರ ಮೇನ್ ಥ್ರೆಡ್ ಅತಿ ಕಷ್ಟದ ನಿಲ್ದಾಣದಲ್ಲಿ 26 ಮುಟ್ಟುತ್ತದೆ. ಮೊದಲು ನೆಲದ ಹತ್ತಿರದ ಟಿಎಲ್‌ಒಡಿಯನ್ನು 80ರಿಂದ 60ಕ್ಕೆ ಇಳಿಸಿ, ಅದೇ ಸೇವ್ ಮಾಡಿದ ಹಾರಾಟವನ್ನು ಮತ್ತೆ ಹಾರಿಸಿ, 22ರ ಒಳಗೆ ಬರುತ್ತದೋ ನೋಡಬೇಕು. ಬಂದರೆ ಮಾನಿಟರ್ ಕೊಳ್ಳಬಹುದು. ಬರದಿದ್ದರೆ ಆ ಹಣ ಪ್ರೊಸೆಸರ್‌ಗೆ ಹೋಗಲಿ ಅಂತ ಹೇಳಿದ್ದೇನೆ.